ನಮ್ಮ ಚಪಾತಿ, ದಾದಾನ ರೋಲು

ಯಾವುದನ್ನಾದರೂ ಅತ್ತೆಯವರಿಂದ ಮುಚ್ಚಿಡಬೇಕು ಅಂತ ನಾವು ತೀರ್ಮಾನ ಮಾಡಿದರೆ ಸಾಕು, ಊರಿನವರಿಗೆಲ್ಲ ಅವತ್ತೇ ನಮ್ಮ ಮನೆಯ ದಾರಿ ನೆನಪಾಗುತ್ತದೆ. ಇದು ಒಮ್ಮೆ ಆದದ್ದಲ್ಲ. ಗಣಿ ಧೂಳು ಹಾರುತ್ತಿದ್ದ ಆ ವರ್ಷಗಳಲ್ಲಿ ಮತ್ತೆ ಮತ್ತೆ ಆಗುತ್ತಿತ್ತು, ಪ್ರತಿ ಸಲವೂ ನನ್ನ ಜೀವ ಬಾಯಿಗೆ ಬಂದು ಹೋಗುತ್ತಿತ್ತು. ಈಗ ಹೇಳುವಾಗ ನಗು ಬರುತ್ತದೆ. ಆಗ ಬಂದಿದ್ದರೆ ಕೇಳಿ!

ನಾವಿದ್ದದ್ದು ಹೊಸಪೇಟೆಯ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ. ಯಜಮಾನರು ಕಾಲುವೆ ಆಫೀಸಿನಲ್ಲಿ ಗುಮಾಸ್ತರು, ಧೈರ್ಯಕ್ಕೂ ಅವರಿಗೂ ಅಷ್ಟಕ್ಕಷ್ಟೇ. ಅತ್ತೆಯವರು ಮಡಿಯ ವಿಷಯದಲ್ಲಿ ಹೈಕೋರ್ಟು. ಮುಚ್ಚಿಡಬೇಕಾದ ಸಂಗತಿ ಏನೆಂದರೆ, ನಾನು ಬೆಳಿಗ್ಗೆ ಎದ್ದು ಪದರು ಪದರಾಗಿ ಮಾಡಿ ಕಳಿಸುತ್ತಿದ್ದ ಚಪಾತಿಗಳು ಹೋಗುತ್ತಿದ್ದದ್ದು ಅತ್ತೆಯವರು ನಂಬಿದ್ದಂತೆ ಯಾರೋ ಕೋಲ್ಕತ್ತಾ ಸಾಹೇಬರ ಮೆಸ್ಸಿಗಲ್ಲ, ರಸ್ತೆ ಬದಿಯ ತಳ್ಳುಗಾಡಿಗೆ. ಅಲ್ಲಿ ಅವುಗಳ ಮೇಲೆ ತತ್ತಿ ಬೀಳುತ್ತಿತ್ತು.

ಇದು ಗೊತ್ತಾದರೆ ನನ್ನ ಒಲೆ ಅವತ್ತೇ ಆರುತ್ತದೆ ಅನ್ನುವುದರಲ್ಲಿ ಅನುಮಾನವಿರಲಿಲ್ಲ. ನನಗೆ ಆ ಒಲೆ ಬೇಕಾಗಿತ್ತು. ಮದುವೆಯಾಗಿ ಬಂದ ಮೇಲೆ ನನ್ನ ಕೈ ಅಡುಗೆಯನ್ನು ಮನೆಯವರು ಉಂಡು ಎದ್ದು ಹೋಗುತ್ತಿದ್ದರೇ ಹೊರತು, ಚೆನ್ನಾಗಿದೆ ಅಂದವರಿಲ್ಲ. ಹೊರಗಿನವನೊಬ್ಬ ಹುಡುಕಿಕೊಂಡು ಬಂದು "ಇಂಥಾದ್ದು ನನಗೆ ದಿನಾ ಬೇಕು" ಅಂದಾಗ ಆದ ಖುಷಿಯನ್ನು ನಾನು ಯಾರಿಗೂ ಬಿಟ್ಟುಕೊಡಲು ತಯಾರಿರಲಿಲ್ಲ.

ಕೆಂಪು ಕೈ

ಹಾಗೆ ಹುಡುಕಿಕೊಂಡು ಬಂದವನು ದಾದಾ, ಬಂಗಾಳಿಯಲ್ಲಿ ಅಣ್ಣ ಅಂತ ಅರ್ಥ. ಸಂಡೂರಿನ ಒಂದು ಗಣಿಯ ಗೆಸ್ಟ್ ಹೌಸಿಗೆ ಕೋಲ್ಕತ್ತಾದಿಂದ ಸಾಹೇಬರು ಬಂದಿದ್ದರು, ಅವರ ಅಡುಗೆಗೆ ಅಂತ ಇವನು ಬಂದಿದ್ದ. ಸಾಹೇಬರು ಬೇರೆ ಕಡೆ ಹೋದರು, ಇವನು ಹೋಗಲಿಲ್ಲ. "ನಮ್ಮೂರಲ್ಲಿ ಬೀದಿಗೊಬ್ಬ ರೋಲಿನವನಿದ್ದಾನೆ. ಇಲ್ಲಿ ನಾನೊಬ್ಬನೇ" ಅಂತ ಹೊಸಪೇಟೆಯಲ್ಲಿ ಗಾಡಿ ಇಟ್ಟ. ಬಿಸಿ ಹಂಚಿನ ಮೇಲೆ ತತ್ತಿ ಹರಡಿ, ಅದರ ಮೇಲೆ ಪರೋಟ ಒತ್ತಿ, ಒಳಗೆ ಕಾಯಿಪಲ್ಯೆ, ನಿಂಬೆರಸ, ಹಸಿಮೆಣಸಿನಕಾಯಿ ಹಾಕಿ ಸುರುಳಿ ಸುತ್ತಿ ಕೆಳಗರ್ಧಕ್ಕೆ ಕಾಗದ ಕಟ್ಟಿ ಕೊಡುವುದು. ತತ್ತಿ ಒಲ್ಲದವರಿಗೆ ಆಲೂಗಡ್ಡೆ. ಅವನ ಊರಲ್ಲಿ ಮಾಂಸವನ್ನೂ ಹಾಕುತ್ತಾರಂತೆ, ನಮ್ಮ ಬಿಸಿಲಿಗೆ ಹೆದರಿ ಅವನು ಅದನ್ನು ಕೈಬಿಟ್ಟಿದ್ದ.

ಮೊದಮೊದಲು ಯಾರೂ ನಿಲ್ಲಲಿಲ್ಲ. ನಿಂತವರು "ಇದಕ್ಕ ಸಾಂಬಾರ್ ಕೊಡಂಗಿಲ್ಲೇನು?" ಅಂತ ಕೇಳಿ ಮುಂದೆ ಹೋದರು. ದಾದಾನ ಕೈ ಹಿಡಿದವರು ಅದಿರು ಲಾರಿಯವರು. ರಸ್ತೆಯುದ್ದಕ್ಕೂ ಲಾರಿ ಸಾಲು ನಿಂತರೆ ಅಲ್ಲಾಡುತ್ತಿರಲಿಲ್ಲ. ಕೈ ತೊಳೆಯಲು ನೀರಿಲ್ಲ, ತಟ್ಟೆಯಲ್ಲಿ ಅನ್ನ ಹಾಕಿದರೆ ಕಲಸುವ ಮೊದಲೇ ಧೂಳು ಬಿದ್ದು ಕೆಂಪಾಗುತ್ತಿತ್ತು. ಕಾಗದ ಹಿಡಿದು ತಿನ್ನುವ ಊಟ ಅಂದರೆ ಅವರಿಗೆ ಅದಕ್ಕಿಂತ ಏನು ಬೇಕು? ದಾದಾ ಬೆಳಿಗ್ಗೆ ಲಾರಿ ಸಾಲಿಗೆ, ಸಂಜೆ ಬಸ್‌ಸ್ಟ್ಯಾಂಡಿಗೆ ಗಾಡಿ ತಳ್ಳತೊಡಗಿದ. ಸಾಲು ದೂರವಿದ್ದರೆ ಖಾಲಿ ಲಾರಿಯವರೇ ಗಾಡಿಯನ್ನು ಹೇರಿಕೊಂಡು ಹೋಗಿ ಇಳಿಸುತ್ತಿದ್ದರು.

ಆದರೆ ಮೊದಲು ಕೊಂಡ ಡ್ರೈವರು ಆ ಕಾಗದವನ್ನು ಪೂರ್ತಿ ಸುಲಿದು ಬಿಸಾಡಿ, ಮೊಣಕೈವರೆಗೆ ಕೆಂಪಾಗಿದ್ದ ಕೈಯಲ್ಲಿ ರೋಲನ್ನು ಗಟ್ಟಿಯಾಗಿ ಹಿಡಿದನಂತೆ. ದಾದಾ ಗಾಬರಿಯಾಗಿ ಅವನ ಕೈ ತೋರಿಸಿ, ಹೊಟ್ಟೆ ಹಿಡಿದುಕೊಂಡು, ಕಾಯಿಲೆ ಬರುತ್ತದೆ ಅಂತ ಅಭಿನಯಿಸಿದ. ಡ್ರೈವರು ಒಂದು ತುತ್ತು ಕಚ್ಚಿ, "ಇರ್ಲಿ ಬಿಡಲೇ. ಡಾಕ್ಟ್ರು ನನ್ನ ಮೈಯಾಗ ಕಬ್ಬಿಣದಂಶ ಕಡಿಮಿ ಐತಿ ಅಂದಾರ" ಅಂದನಂತೆ.

ದುಭಾಷಿ

ಗಿರಾಕಿ ಹೆಚ್ಚಿದ ಮೇಲೆ ದಾದಾನಿಗೆ ಒಬ್ಬನೇ ಪರೋಟ ಮಾಡುವುದು ಆಗಲಿಲ್ಲ. ಹೋಟೆಲಿನಿಂದ ತರಿಸಿದ ಪರೋಟಗಳು ಸುತ್ತಿದರೆ ಬಿಚ್ಚಿಕೊಳ್ಳುತ್ತಿದ್ದವು, ಕಚ್ಚಿದರೆ ಹರಿಯುತ್ತಿರಲಿಲ್ಲ. ಅದನ್ನು ನೋಡಿದ ನಮ್ಮ ಯಜಮಾನರು, ಮನೆಯಲ್ಲಿ ಎಂದೂ ಬಾಯಿಬಿಡದವರು, ಗಾಡಿಯ ಮುಂದೆ ನಿಂತು ನನ್ನ ಚಪಾತಿಯನ್ನು ಹೊಗಳಿ ಬಂದರು. ಮರುದಿನವೇ ದಾದಾ ಬಾಗಿಲಿಗೆ ಬಂದ. ಅತ್ತೆಯವರಿಗೆ ಯಜಮಾನರು "ಕೋಲ್ಕತ್ತಾ ಸಾಹೇಬರ ಮೆಸ್ಸಿನವ" ಅಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಹೇಳಿದವರೇ ಹಿತ್ತಲಿಗೆ ಓಡಿಹೋದರು.

ಅತ್ತೆಯವರಿಗೆ ಹಿಂದಿ ಬಾರದು, ದಾದಾನಿಗೆ ಆಗಿನ್ನೂ ಕನ್ನಡ ಬಾರದು. ಇಬ್ಬರ ನಡುವೆ ನಾನು.

"ನಿಮ್ಮ ಸಾಹೇಬ್ರು ಚಪಾತಿ ಜೋಡಿ ಏನು ಉಣ್ತಾರಂತ ಕೇಳು" ಅಂದರು ಅತ್ತೆಯವರು.

ಕೇಳಿದೆ. ಆ ಪುಣ್ಯಾತ್ಮ ಸತ್ಯವಂತ. "ಅಂಡಾ, ಮಾಜೀ" ಅಂದ.

"ಬಟಾಟಿ ಪಲ್ಯ ಅಂತ್ರಿ" ಅಂದೆ.

ದಾದಾ ಸುಮ್ಮನಿರಬೇಕಲ್ಲ? ಕೈಯಲ್ಲಿ ದುಂಡಗೆ ತೋರಿಸಿ, ಹಂಚಿನ ಅಂಚಿಗೆ ಕುಟ್ಟಿದ ಹಾಗೆ ಮಾಡಿ, ಎರಡೂ ಹೆಬ್ಬೆರಳಿನಿಂದ ಬಿಡಿಸಿ ಸುರಿದು ತೋರಿಸಿದ. ಅತ್ತೆಯವರು ಹುಬ್ಬು ಗಂಟಿಕ್ಕಿದರು. "ಬಟಾಟಿ ಹಂಗ ಒಡೀತಾರೇನು?"

"ಅವರ ಕಡೆ ಭಾಳ ಮೆತ್ತಗ ಬೇಯಸ್ತಾರಂತ್ರಿ" ಅಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಊರು, ಮನೆ, ತಾಯಿಯ ವಿಚಾರ ಬಂತು. ದಾದಾನಿಗೆ ತಾಯಿಯ ನೆನಪಾಗಿ ಕಣ್ಣು ತುಂಬಿತು. ಗಂಗೆಯ ದಂಡೆಯ ಮನೆ, ತಾಯಿಗೆ ಒಂದು ದಿನವೂ ಮೀನಿಲ್ಲದೆ ಆಗುವುದಿಲ್ಲ ಅಂತ ಹೇಳುತ್ತ, ಅಂಗೈಯನ್ನು ಆ ಕಡೆ ಈ ಕಡೆ ಬಳುಕಿಸಿ ಮೀನು ಈಜುವುದನ್ನೂ ತೋರಿಸಿಬಿಟ್ಟ.

"ಏನಂತಾನ?"

"ಅವರ ತಾಯಿ ದಿನಾ ಗಂಗಾಸ್ನಾನ ಮಾಡ್ತಾರಂತ್ರಿ."

ಅತ್ತೆಯವರು ಕೂತಲ್ಲೇ ಕೈ ಮುಗಿದರು. "ಎಂಥಾ ಪುಣ್ಯವಂತರ ಮನಿತನ! ಏನ ನೋಡ್ತೀ, ಇವನ ಚಪಾತಿಗೆ ಎಣ್ಣಿ ಬ್ಯಾಡ. ನಮ್ಮ ಮನೀ ತುಪ್ಪಾನ ಹಚ್ಚಿ ಕೊಡು" ಅಂದರು. ಆಮೇಲೆ ಹೊಸಪೇಟೆಯ ಎಗ್ ರೋಲಿನ ರುಚಿಗೆ ಕಾರಣವೇನು ಅಂತ ಕೇಳಿದವರಿಗೆಲ್ಲ ದಾದಾ, ತನ್ನ ಕೈಗುಣ ಅನ್ನುತ್ತಿದ್ದ.

ಶಾಕವ್ರತ

ಚಾತುರ್ಮಾಸ್ಯದ ಮೊದಲ ತಿಂಗಳು ನಮ್ಮವರಲ್ಲಿ ಶಾಕವ್ರತ. ಆ ತಿಂಗಳು ಕಾಯಿಪಲ್ಯೆ ಮುಟ್ಟುವಂತಿಲ್ಲ. ಯಜಮಾನರ ಆಫೀಸಿನ ಮೇಲಧಿಕಾರಿಯೂ ನಮ್ಮವರೇ. ಹಣೆಯ ಮೇಲಿನ ಅಂಗಾರ ಅಕ್ಷತೆ ಸಂಜೆ ಆಫೀಸು ಬಿಡುವವರೆಗೂ ಅಳಿಸುತ್ತಿರಲಿಲ್ಲ. ಅವರ ಹೆಂಡತಿ ನಮ್ಮ ಅತ್ತೆಯವರ ಭಜನೆಯ ಜೊತೆಗಾರ್ತಿ. ಈ ಸಾಹೇಬರ ಕಿವಿಗೆ ಬಿದ್ದ ಮಾತು ಸಂಜೆಯ ಭಜನೆಯಲ್ಲಿ ಅತ್ತೆಯವರ ಕಿವಿಗೆ ಬಿದ್ದೇ ಬೀಳುತ್ತಿತ್ತು.

ಒಂದು ಸಂಜೆ ಯಜಮಾನರು ಖಾಲಿ ಡಬ್ಬಿ ತರಲು ಗಾಡಿಗೆ ಹೋಗಿದ್ದಾರೆ. ಅಷ್ಟರಲ್ಲಿ ಅದೇ ಸಾಹೇಬರ ಸ್ಕೂಟರ್ ಬಂದು ನಿಂತಿತು. ಯಜಮಾನರು ಡಬ್ಬಿ ಅವುಚಿಕೊಂಡು ಗಾಡಿಯ ಹಿಂದೆ ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ವೆಜ್ ರೋಲ್‌ನಾಗ ಏನೇನ್ ಹಾಕ್ತಿಯಪಾ?" ಅಂದರು ಸಾಹೇಬರು.

"ಆಲೂ, ಸಾಬ್."

"ಆಲೂಗಡ್ಡಿ ಈ ತಿಂಗಳು ನಡೆಂಗಿಲ್ಲ."

"ಗೋಬಿ?"

"ಛೇ ಛೇ."

"ಸೌತಿಕಾಯಿ?"

"ಒಂದೂ ಕಾಯಿ ನಡೆಂಗಿಲ್ಲೋ. ವ್ರತ ಅದ."

ದಾದಾನಿಗೆ ದಿಕ್ಕು ತೋಚಲಿಲ್ಲ. ಗಾಡಿಯ ಮೇಲೆ ಇನ್ನು ಉಳಿದದ್ದು ಒಂದೇ ಸಾಮಾನು. ತತ್ತಿಯ ಟ್ರೇಯನ್ನು ಮೆಲ್ಲಗೆ ಮುಂದೆ ಸರಿಸಿ, ಇದು ನಡೆಯುತ್ತದೆಯೇ ಎಂಬಂತೆ ಮುಖ ನೋಡಿದ. ಗಾಡಿಯ ಹಿಂದೆ ಯಜಮಾನರು ಇನ್ನಷ್ಟು ಮುದುಡಿ ಕೂತರು. ಈಗ ಸಾಹೇಬರು ಸಿಡಿಯುತ್ತಾರೆ, ಈ ಚಪಾತಿ ಯಾರ ಮನೆಯದು ಅಂತ ಕೇಳುತ್ತಾರೆ, ಮುಗಿಯಿತು ಅಂದುಕೊಂಡರು. ಸಾಹೇಬರು ಬಹಳ ಹೊತ್ತು ಯೋಚಿಸಿದರು. ಧರ್ಮಸೂಕ್ಷ್ಮದ ಪ್ರಶ್ನೆ. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, "ಇದು ಶಾಕದೊಳಗ ಬರಂಗಿಲ್ಲ. ಎರಡು ಹಾಕು" ಅಂದರು.

ತಿನ್ನುತ್ತ ತಿನ್ನುತ್ತ ಗಾಡಿ ಸುತ್ತಿ ಮರೆಗೆ ಬಂದವರಿಗೆ, ಕಾಲಬುಡದಲ್ಲಿ ತಮ್ಮ ಗುಮಾಸ್ತ ಕೂತದ್ದು ಕಾಣಿಸಿತು. ಸಾಹೇಬರು ಬಾಯಲ್ಲಿದ್ದದ್ದನ್ನು ನುಂಗಿ, "ಏನೇ ಆಗ್ಲಿ, ವ್ರತ ಕೆಡಬಾರದು ನೋಡ್ರಿ" ಅಂದರು. ಆ ವರ್ಷ ಯಜಮಾನರ ರಜೆಯೆಲ್ಲ ಕೇಳುವ ಮೊದಲೇ ಮಂಜೂರಾಯಿತು.

ಹಂಪಿಯ ಕುದುರೆ ಸವಾರ

ಕನ್ನಡ ಸ್ವಲ್ಪ ಬಂದದ್ದೇ ದಾದಾನಿಗೆ ಕಥೆ ಹೇಳುವ ಹುಚ್ಚು ಹತ್ತಿತು. ರೋಲು ಹುಟ್ಟಿದ್ದು ಕೋಲ್ಕತ್ತಾದ ಒಂದು ಮಾರ್ಕೆಟ್ಟಿನ ಹತ್ತಿರವಂತೆ. ಕಬ್ಬಿಣದ ಸಲಾಕೆಗೆ ಚುಚ್ಚಿ ಸುಟ್ಟ ಮಾಂಸ ತಿಂದರೆ ಬಿಳಿ ಸಾಹೇಬರ ಕೈ ಜಿಡ್ಡಾಗುತ್ತದೆ ಅಂತ ಅದನ್ನು ಪರೋಟದಲ್ಲಿ ಸುತ್ತಿ ಕೊಟ್ಟರಂತೆ. ಆಮೇಲೆ ಸಲಾಕೆ ಹೋಗಿ ಬಿದಿರು ಕಡ್ಡಿ ಬಂತು, ಅವರ ಭಾಷೆಯಲ್ಲಿ ಕಡ್ಡಿಗೆ ಕಾಠಿ ಅನ್ನುತ್ತಾರೆ, ಹಾಗಾಗಿ ಕಾಠಿ ರೋಲ್. ಲಾರಿಯವರಿಗೆ ಹೇಳುವಾಗ ಮಾತ್ರ ಬಿಳಿ ಸಾಹೇಬನ ಬದಲು ಟ್ರಾಮು ಹಿಡಿಯಲು ಓಡುವ ಬಡ ಗುಮಾಸ್ತ ಬರುತ್ತಿದ್ದ. ಗಿರಾಕಿ ನೋಡಿ ಕಥೆ.

ಒಂದು ಸಂಜೆ ಗೋಧಿ ತರಲು ಪೇಟೆಗೆ ಹೋದ ನಾನು ಗಾಡಿಯ ಹತ್ತಿರ ಬರುವಷ್ಟರಲ್ಲಿ ಜಗಳ ಏರಿತ್ತು. ಕಂಪ್ಲಿಯ ಲಾರಿ ಡ್ರೈವರೊಬ್ಬ, "ಏನ್ ದೊಡ್ಡ ಕತಿ ಹೇಳ್ತಿಯಲೇ? ನಮ್ಮವ್ವ ಭತ್ತದ ಗದ್ದಿಗೆ ಹೋಗೋಮುಂದ ರೊಟ್ಟಿಗೆ ಪುಂಡಿಪಲ್ಯ ಸವರಿ, ಸುತ್ತಿ, ಸೆರಗಿನಾಗ ಕಟ್ಕೊಂಡು ಹೋಗ್ತಿದ್ಳು. ಕಾಗದ ಸುತ್ತಿದ್ದಷ್ಟ ನಿಮ್ಮದು!" ಅಂದಿದ್ದ. ದಾದಾನ ಮುಖ ಕೆಂಪಾಗಿ, ಕೈಯಲ್ಲಿದ್ದ ಸೌಟು ಮೇಲೆದ್ದಿತ್ತು. ಡ್ರೈವರು ತೋಳು ಮಡಚುತ್ತಿದ್ದ. ಜನ ಸೇರಿದರು. ಹೊಡೆದಾಟವಾದರೆ ಪೊಲೀಸರು, ಪೊಲೀಸರು ಬಂದರೆ ವಿಚಾರಣೆ, ವಿಚಾರಣೆಯೆಂದರೆ ಚಪಾತಿ ಯಾರದು ಅನ್ನುವ ಮಾತು.

ರೋಲು ತಿನ್ನುತ್ತ ನಿಂತಿದ್ದ ಹಂಪಿಯ ಗೈಡ್ ಒಬ್ಬ ನಡುವೆ ಬಂದ. "ಇಬ್ಬರದೂ ತಪ್ಪು. ಇದು ಹುಟ್ಟಿದ್ದು ಹಂಪಿಯಾಗ. ಕಲ್ಲಿನಾಗ ಕುದುರಿ ಸವಾರ ಅದಾನಲ್ಲ, ಒಂದು ಕೈಯಾಗ ಲಗಾಮು. ಇನ್ನೊಂದರಾಗ ಏನೈತಿ?"

"ಕತ್ತಿ" ಅಂದ ಡ್ರೈವರು.

"ಕತ್ತಿ ಆಗಿದ್ರ ಚೂಪ ಇರ್ತಿತ್ತು. ಅದು ದುಂಡಗ, ಗಿಡ್ಡಕ, ಕೈತುಂಬ ಐತಿ. ಯುದ್ಧಕ್ಕ ಹೊಂಟವ್ರು ಎಲಿ ಹಾಸ್ಕೊಂಡು ಕುಂದ್ರಾಕ ಆಕ್ಕೈತೇನು? ರೋಲ್ ತಿನ್ಕೊಂತ ಹೋಗ್ತಿದ್ರು!"

ಸೋತರೂ ಇಬ್ಬರೂ ಸೋತರಲ್ಲ ಅನ್ನುವ ಸಮಾಧಾನಕ್ಕೆ ಜಗಳ ತಣ್ಣಗಾಯಿತು. ಗೈಡ್ ಜಗಳ ಬಿಡಿಸಲು ಹೇಳಿದ್ದಷ್ಟೇ. ಆದರೆ ಹೇಳಿದ ಮೇಲೆ ಅವನಿಗೇ ಅದು ರುಚಿಸಿತು. ಪ್ರವಾಸಿಗಳಿಗೂ ಹೇಳಿದ, ಉಳಿದ ಗೈಡುಗಳೂ ಕಲಿತರು, ವಿದೇಶಿಯರು ಆ ಸವಾರನ ಕೈಯನ್ನೇ ಹತ್ತಿರದಿಂದ ಫೋಟೋ ಹೊಡೆಯತೊಡಗಿದರು.

ಸ್ವಲ್ಪ ಕಾಲವಾದ ಮೇಲೆ ದಾದಾ ಒಂದು ದಿನ ಗಾಡಿಗೆ ರಜೆ ಕೊಟ್ಟು ಹಂಪಿ ನೋಡಲು ಹೋದ. ಬೇರೊಬ್ಬ ಗೈಡ್ ಅವನಿಗೇ ಆ ಸವಾರನನ್ನು ತೋರಿಸಿ, ಇಲ್ಲಿಂದಲೇ ರೋಲು ಬಂಗಾಳಕ್ಕೆ ಹೋಯಿತು ಅಂದ. ಮರುದಿನ ಬಂದವನು ನನ್ನ ಮುಂದೆ ಗದ್ಗದಿತನಾದ. ನನ್ನನ್ನು ಅವನು ಬೌದಿ ಅನ್ನುತ್ತಿದ್ದ, ಅವರಲ್ಲಿ ಅತ್ತಿಗೆಗೆ ಹಾಗನ್ನುತ್ತಾರೆ. "ಬೌದಿ, ನಾನು ಹೊಟ್ಟೆಪಾಡಿಗೆ ಪರದೇಶಕ್ಕೆ ಬಂದೆ ಅಂದ್ಕೊಂಡಿದ್ದೆ. ನಾನು ನನ್ನ ತವರಿಗೇ ಬಂದೀನಿ!"

ಗಾದಿಗನೂರಿನ ಹತ್ತಿರ

ವಡ್ಡು ಅನ್ನುವ ಊರಿನಲ್ಲಿ ಅತ್ತೆಯವರ ತಮ್ಮನ ಮಗ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಅಂತ ಮೂವರೂ ಬಸ್ಸು ಹತ್ತಿದೆವು. ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿದ್ದರು, ಊಟ ಅಲ್ಲಿಯೇ ಅಂತ ಏನೂ ತಿಂದಿರಲಿಲ್ಲ. ದಾರಿಯಲ್ಲಿ ಗಾದಿಗನೂರಿನ ಹತ್ತಿರ ಬಸ್ಸು ನಿಂತಿತು. ಮುಂದೆ ಅದಿರು ಲಾರಿ, ಹಿಂದೆ ಅದಿರು ಲಾರಿ. ಡ್ರೈವರು ಇಂಜಿನ್ ಆರಿಸಿದ. ಕಂಡಕ್ಟರು ಟವೆಲು ಹಾಸಿ ಮಲಗಿದ. ಅಲ್ಲಿಗೆ ತಿಳಿಯಿತು, ಇದು ಸದ್ಯಕ್ಕೆ ಬಿಡುವ ಜಾಮಲ್ಲ.

ಬಿಸಿಲು ಏರಿತು. ಅತ್ತೆಯವರು ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನೋಡಿದರೆ ಹಣೆ ಬೆವತಿದೆ, ಕೈ ನಡುಗುತ್ತಿದೆ. ಪಕ್ಕದವರು ಬಿಸ್ಕೀಟು ಕೊಟ್ಟರು. ತಲೆಯಾಡಿಸಿದರು. ಯಜಮಾನರು ಚಹಾ ತಂದರು. "ಹೊರಗಿಂದು ಬ್ಯಾಡ" ಅಂದರು. "ಅಮ್ಮಾ, ಔಷಧ ಅಂತ ತಿಳ್ಕೊಂಡು ಕುಡಿ" ಅಂತ ಅವರು ಅಳುವ ದನಿಯಲ್ಲಿ ಬೇಡಿಕೊಂಡರೂ ಕೇಳಲಿಲ್ಲ, ತುಟಿ ಬಿಗಿದರು. ಅಷ್ಟು ವರ್ಷ ನಾನು ಅವರಿಗೆ ಹೆದರಿದ್ದೆ. ಆ ಹೊತ್ತು ಅವರಿಗೇ ಏನಾದರೂ ಆದೀತು ಅಂತ ಹೆದರಿದೆ. ಅದು ಬೇರೆಯೇ ಹೆದರಿಕೆ.

ಕಿಟಕಿಯಾಚೆ ಲಾರಿಗಳ ಸಂದಿಯಲ್ಲಿ ದಾದಾನ ಗಾಡಿ ಕಂಡಿತು. ಯಜಮಾನರಿಗೂ ಕಂಡಿತು. "ಆ ಕಡೆ ನೋಡಬ್ಯಾಡ" ಅಂತ ಪಿಸುಗುಟ್ಟಿದರು. ಆದರೆ ಆ ರಸ್ತೆಯಲ್ಲಿ ಅತ್ತೆಯವರು ಬಾಯಿಗೆ ಹಾಕಿಕೊಳ್ಳಬಹುದಾದ ತಿನಿಸು ಅಂತ ಇದ್ದದ್ದು ಅದೊಂದೇ, ನಮ್ಮ ಒಲೆಯ ಮೇಲೆ ನಾನೇ ಬೇಯಿಸಿದ ಚಪಾತಿ. ತಂದುಕೊಟ್ಟರೆ ಗುಟ್ಟು ಹೋಗುತ್ತದೆ, ಗುಟ್ಟು ಹೋದರೆ ಒಲೆ ಹೋಗುತ್ತದೆ. ಹೋದರೆ ಹೋಗಲಿ ಅಂತ ಇಳಿದೆ.

ಅತ್ತೆಯವರಿಗೆ ಸಕ್ಕರೆ ಇಳಿದಿದೆ ಅಂದದ್ದೇ ತಡ, ದಾದಾ ಡಬ್ಬಿಯ ತಳದಿಂದ ಒಂದು ಚಪಾತಿ ತೆಗೆದು, ಚಹಾದವನ ಹತ್ತಿರ ಸಕ್ಕರೆ ಇಸಿದುಕೊಂಡು ಒಳಗೆ ಉದುರಿಸಿ, ಸುತ್ತಿ, ಡಬ್ಬಿಯ ಸಮೇತ ನನ್ನ ಹಿಂದೆ ಓಡಿಬಂದ.

"ಯಾರು ಮಾಡಿದ್ದು?" ಅತ್ತೆಯವರ ದನಿ ನೂಲಿನಷ್ಟಿತ್ತು.

"ನಾನ ಮಾಡಿದ್ದು ಅತ್ತೆ. ಇವತ್ತು ಬೆಳಿಗ್ಗೆ, ನಮ್ಮ ಒಲೀ ಮ್ಯಾಲ."

"ನಂಗ ತಿನ್ನಿಸ್ಲಿಕ್ಕೆ ಸುಳ್ಳು ಹೇಳ್ತೀ."

ದಾದಾ ಡಬ್ಬಿಯನ್ನು ಮುಂದೆ ಹಿಡಿದ. ನಮ್ಮ ಮನೆಯ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಮಾವನವರ ಹೆಸರು ಕೆತ್ತಿಸಿದೆ. ಅತ್ತೆಯವರು ನಡುಗುವ ಬೆರಳಿನಿಂದ ಅಕ್ಷರಗಳನ್ನು ಸವರಿ, "ಇದು ಈ ಧೂಳಿನಾಗ ಹ್ಯಾಂಗ ಬಂತು?" ಅಂದರು.

"ಮೊದಲು ತಿನ್ರಿ. ಆಮ್ಯಾಲ ಬೈರಿ."

ಕಚ್ಚಿ ತಿಂದರೆ ಎಂಜಲಾಗುತ್ತದೆ. ಅಷ್ಟು ಕಷ್ಟದಲ್ಲೂ ಅತ್ತೆಯವರು ಸುರುಳಿಯನ್ನು ಬಿಚ್ಚಿ, ಡಬ್ಬಿಯ ಮುಚ್ಚಳದ ಮೇಲೆ ಹರಡಿ, ಮನೆಯಿಂದ ತಂದ ನೀರನ್ನು ಸುತ್ತ ಬಿಟ್ಟು, ದೇವರನ್ನು ನೆನೆದು, ಮುರಿದ ಚೂರುಗಳನ್ನು ತುಟಿಗೆ ತಾಗದಂತೆ ಬಾಯಿಗೆ ಹಾಕಿಕೊಂಡರು. ಬಸ್ಸಿನವರೆಲ್ಲ ಎದ್ದು ನಿಂತು ನೋಡಿದರು. ಕಂಡಕ್ಟರು ಮಾತ್ರ, "ಬಿಚ್ಚೋದಿದ್ರ ಪಾಪ ಅಂವ ಯಾಕ ಸುತ್ತಿದ?" ಅಂತ ಮರುಗಿದ.

ಕೈ ನಡುಕ ನಿಂತಿತು. ದನಿ ಮರಳಿತು. ಅಂದಮೇಲೆ ವಿಚಾರಣೆಯೂ ಶುರುವಾಯಿತು. ಮೆಸ್ಸು ಇಲ್ಲ, ಚಪಾತಿ ಗಾಡಿಗೆ ಹೋಗುತ್ತದೆ ಅಂತ ಒಪ್ಪಿಕೊಂಡೆ. ಅಲ್ಲಿಗೆ ನಿಲ್ಲಿಸಿದೆ. ಅತ್ತೆಯವರು ಬಸ್ಸಿಳಿದು ನೇರ ಗಾಡಿಗೆ ನಡೆದು, ಸ್ಟೂಲು ಎಳೆದುಕೊಂಡು ಕ್ಯಾಂಪ್ ಹಾಕಿದರು. ಯಜಮಾನರು ಲಾರಿಗಳ ನಂಬರ್ ಪ್ಲೇಟು ಓದುತ್ತ ದೂರ ಹೋದರು.

ಆಗಲೇ ಒಬ್ಬ ಡ್ರೈವರು ಬಂದು, "ದಾದಾ, ಒಂದು ಡಬಲ್ ಹಾಕು" ಅಂದ. ಡಬಲ್ ಅಂದರೆ ಎರಡು ತತ್ತಿಯ ರೋಲು. ಗಿರಾಕಿ ಗದ್ದಲಕ್ಕೆ ದಾದಾ ತತ್ತಿಗಳನ್ನು ಮೊದಲೇ ಒಡೆದು, ಮೆಣಸಿನಕಾಯಿ ಹೆಚ್ಚಿಹಾಕಿ, ಜಗ್ಗಿನಲ್ಲಿ ಕಲಕಿ ಇಟ್ಟಿದ್ದ. ಅಭ್ಯಾಸಬಲ, ಎತ್ತಿ ಸುರಿದೇಬಿಟ್ಟ. ಹಂಚು ಚುರ್ ಅಂದಿತು. ನನ್ನ ಎದೆಯೂ ಹಾಗೇ ಅಂದಿತು. ಅತ್ತೆಯವರು ಮುಂದೆ ಬಾಗಿ, ಹಂಚಿನ ಮೇಲೆ ಹರಡುತ್ತಿದ್ದ ಹಳದಿಯನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಏನಪಾ, ಕಡ್ಲಿಹಿಟ್ಟು ಇಷ್ಟು ನೀರು ಮಾಡೀಯಲ್ಲ?"

ಒಡೆದ ತತ್ತಿಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ! ನಾನು ಉಸಿರು ಬಿಡುವಷ್ಟರಲ್ಲಿ ದಾದಾ ಚಪಾತಿ ಒತ್ತಿದ, ಅದು ಬುರುಬುರು ಉಬ್ಬಿತು. ಅತ್ತೆಯವರ ಮುಖ ಅರಳಿತು. "ಹ್ಯಾಂಗ ಉಬ್ಬೇದ ನೋಡು! ನಂಗೂ ಅಂಥಾದ್ದೇ ಒಂದು ಹಾಕಿಸು."

ತತ್ತಿ ಅಂತ ಹೇಳಿದರೆ ಒಲೆ ಹೋಯಿತು. ಸುಮ್ಮನಿದ್ದರೆ ಅವರ ಜೀವಮಾನದ ನೇಮ ಹೋಯಿತು, ಅದನ್ನು ನಾನು ಸತ್ತರೂ ಮಾಡಲಾರೆ. ಗಾಡಿಯ ಮೇಲೆಲ್ಲ ಕಣ್ಣಾಡಿಸಿದೆ. ಹಲಗೆಯ ಮೂಲೆಯಲ್ಲಿ ಹೆಚ್ಚಿಟ್ಟ ಗುಡ್ಡೆ ಕಂಡಿತು.

"ಬ್ಯಾಡ್ರಿ ಅತ್ತೆ! ಅದರಾಗ ಉಳ್ಳಾಗಡ್ಡಿ ಅದ!"

ಅತ್ತೆಯವರು ಸ್ಟೂಲಿನಿಂದ ಎದ್ದ ರಭಸಕ್ಕೆ ಸ್ಟೂಲೇ ಉರುಳಿತು. "ಹರಿ ಹರಿ! ಉಳ್ಳಾಗಡ್ಡಿ! ನಮ್ಮ ಮನೀ ಚಪಾತಿಯೊಳಗ ಉಳ್ಳಾಗಡ್ಡಿ!" ಡಬಲ್ ಕೈಯಲ್ಲಿ ಹಿಡಿದಿದ್ದ ಡ್ರೈವರು ಅದನ್ನು ಬೆನ್ನ ಹಿಂದೆ ಅಡಗಿಸಿದ. ದಾದಾ ತತ್ತಿಯ ಜಗ್ಗನ್ನು ಎದೆಗೆ ಅವುಚಿಕೊಂಡು ನಿಂತ. ಒಲೆಯ ಆಸೆ ನಾನು ಅಲ್ಲಿಗೇ ಬಿಟ್ಟೆ.

ಬೈದು ಬೈದು ದಣಿದ ಮೇಲೆ ಅತ್ತೆಯವರು ಸಾಲುಗಟ್ಟಿ ನಿಂತ ಲಾರಿಯವರನ್ನು ನೋಡಿದರು. "ಇವರೆಲ್ಲ ಇದನ್ನ ತಿಂದು ಗಾಡಿ ಹೊಡೀತಾರೇನು?"

"ಹೌದ್ರಿ ಯವ್ವಾ" ಅಂದ ಡ್ರೈವರು, ಕೈ ಇನ್ನೂ ಬೆನ್ನ ಹಿಂದೆಯೇ. "ಈ ಚಪಾತಿ ಇಲ್ಲಂದ್ರ ಮನಿ ಮುಟ್ಟೋತನ ಉಪಾಸನ್ರಿ."

ಸ್ವಲ್ಪ ಹೊತ್ತಿನ ಮುಂಚೆ ಅದೇ ರಸ್ತೆಯಲ್ಲಿ ಹಸಿದು ಕೂತಿದ್ದವರು ಅತ್ತೆಯವರೇ. ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸಿ ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು.

"ನಾಳಿಂದನೂ ಮಾಡಿ ಕೊಡು. ಆದ್ರ ಇವನಿಗೆ ಬಿಡಿಸಿ ಹೇಳು, ನಮ್ಮ ಚಪಾತಿಗೆ ಉಳ್ಳಾಗಡ್ಡಿ ಮುಟ್ಟಿಸಂಗಿಲ್ಲ. ಅದೊಂದು ಬಿಟ್ಟು ಬ್ಯಾರೆ ಏನು ಬೇಕಾದ್ರೂ ಹಾಕ್ಕೊಳ್ಳಲಿ!"

ದಾದಾ ಆ ಮಾತಿಗೆ ಕೊನೆಯವರೆಗೂ ತಪ್ಪಲಿಲ್ಲ. ಸಂಡೂರಿನಿಂದಲೋ ಕಂಪ್ಲಿಯಿಂದಲೋ ಬಂದ ಹೊಸ ಗಿರಾಕಿ "ಎಗ್ ರೋಲ್‌ನಾಗ ಉಳ್ಳಾಗಡ್ಡಿ ಯಾಕ ಹಾಕಂಗಿಲ್ಲ?" ಅಂತ ಕೇಳಿದರೆ, ಎರಡೂ ಕಿವಿ ಮುಟ್ಟಿಕೊಂಡು, "ಮಡಿವಂತರ ಮನಿ ಚಪಾತಿ ಸಾಬ್, ಪಾಪ ಬರ್ತದ" ಅನ್ನುತ್ತ ಇನ್ನೊಂದು ತತ್ತಿ ಒಡೆಯುತ್ತಿದ್ದ.